ಬಂಗಾರದ ಮೀನಿನ ಮೊದಲ ದಿನ

ಮಕ್ಕಳೇ, ಪೇಟೆಗೆ ಹೋದಾಗ ಬಣ್ಣದ ಮೀನು ಮಾರುವ ಅಂಗಡಿಯ ಮುಂದೆ ನೀವು ನಿಂತಿರಬಹುದು. ಗಾಜಿನ ತೊಟ್ಟಿಯಲ್ಲಿ ಬಾಲ ಬೀಸುತ್ತ ಓಡಾಡುವ ಕಿತ್ತಳೆ ಬಣ್ಣದ ಗೋಲ್ಡ್ ಫಿಶ್, ಅಂದರೆ ಬಂಗಾರದ ಮೀನು, ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಇದು ನಮ್ಮ ಕೆರೆಯ ಗೆಂಡೆ ಮೀನಿನ ನೆಂಟ. ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಇದನ್ನು ಸಾಕತೊಡಗಿದರು. ಆದರೆ ಅಂಗಡಿಗೆ ಹೊಸದಾಗಿ ಬಂದ ಮೀನುಗಳಲ್ಲಿ ಕೆಲವು ಮರುದಿನವೇ ಹೊಟ್ಟೆ ಮೇಲಾಗಿ ತೇಲುವುದುಂಟು. ನೀರು ನೋಡಿದರೆ ಕನ್ನಡಿಯಂತೆ ತಿಳಿ! ಹಾಗಾದರೆ ಮೀನು ಸತ್ತದ್ದೇಕೆ?

ಮೊದಲು ಅದರ ಪ್ರಯಾಣವನ್ನು ನೋಡೋಣ. ಅಲಂಕಾರಿಕ ಮೀನು ಸಾಕಣೆಗೆ ಚೆನ್ನೈನ ಕೊಳತ್ತೂರು ಹೆಸರಾದ ಜಾಗ. ಇಂಥ ಕಡೆಗಳಿಂದ ಮೀನುಗಳು ಪ್ಲಾಸ್ಟಿಕ್ ಚೀಲದಲ್ಲಿ ಕುಳಿತು ಬರುತ್ತವೆ. ಚೀಲದಲ್ಲಿ ಸ್ವಲ್ಪ ನೀರು, ಅದರ ಮೇಲೆ ತುಂಬಿದ ಆಮ್ಲಜನಕ. ಚೀಲ ಕಟ್ಟುವ ಒಂದೆರಡು ದಿನ ಮೊದಲೇ ಮೀನಿಗೆ ಊಟ ನಿಲ್ಲಿಸುತ್ತಾರೆ. ಅಯ್ಯೋ ಪಾಪ ಎನ್ನಬೇಡಿ, ಇದು ಮೀನಿನ ಒಳ್ಳೆಯದಕ್ಕೇ.

ಮೀನು ಉಸಿರಾಡುವಾಗ ಅದರ ಕಿವಿರಿನಿಂದ ಅಮೋನಿಯ ಹೊರಬರುತ್ತದೆ. ಕೊಳಕಾದ ಮೂತ್ರಾಲಯದಲ್ಲಿ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದೇ ಅಮೋನಿಯ. ಹೆಚ್ಚು ತಿಂದ ಮೀನು ಹೆಚ್ಚು ಅಮೋನಿಯ ಬಿಡುತ್ತದೆ. ಚೀಲದ ನೀರಿನಲ್ಲಿ ಇದು ಗಂಟೆಗಟ್ಟಲೆ ಸೇರುತ್ತ ಹೋಗುತ್ತದೆ. ಆದರೂ ದಾರಿಯಲ್ಲಿ ಮೀನು ಬದುಕಿರುತ್ತದೆ. ಇದು ಹೇಗೆ?

ಗೋಲಿ ಸೋಡಾ ಕುಡಿದಿದ್ದೀರಾ? ಸೋಡಾಕ್ಕೆ ಚುರುಕಾದ ಹುಳಿ ಬರುವುದು ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್‌ನಿಂದ. ಚೀಲದ ನೀರಿನಲ್ಲೂ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಕರಗಿ ನೀರು ತುಸು ಆಮ್ಲೀಯವಾಗುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯದ ಬಹುಪಾಲು 'ಅಮೋನಿಯಂ' ಎಂಬ ರೂಪದಲ್ಲಿರುತ್ತದೆ. ಇದು ಅಷ್ಟೊಂದು ವಿಷವಲ್ಲ.

ಅಪಾಯ ಬರುವುದು ಚೀಲ ಬಿಚ್ಚಿದಾಗ! ತೆರೆದಿಟ್ಟ ಸೋಡಾ ಸಪ್ಪೆಯಾಗುವಂತೆ ಚೀಲದ ನೀರಿನಿಂದಲೂ ಅನಿಲ ಹಾರಿಹೋಗುತ್ತದೆ. ಆಮ್ಲೀಯತೆ ಇಳಿಯುತ್ತದೆ. ಸುಮ್ಮನಿದ್ದ ಅಮೋನಿಯಂ ಮತ್ತೆ ಅಮೋನಿಯವಾಗಿ ಕಿವಿರನ್ನು ಸುಡುತ್ತದೆ.

ಆದ್ದರಿಂದ ತಿಳಿದ ಅಂಗಡಿಯವರು ಏನು ಮಾಡುತ್ತಾರೆ ಗೊತ್ತೇ? ಕಟ್ಟಿದ ಚೀಲವನ್ನು ಹಾಗೆಯೇ ತೊಟ್ಟಿಯ ನೀರಿನಲ್ಲಿ 15-20 ನಿಮಿಷ ತೇಲಬಿಡುತ್ತಾರೆ. ಒಳಗಿನ ಹೊರಗಿನ ನೀರಿನ ಉಷ್ಣತೆ ಒಂದೇ ಆಗುತ್ತದೆ. ಅನಂತರ ಚೀಲ ಬಿಚ್ಚಿ, ತಡಮಾಡದೆ ಮೀನನ್ನು ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡುತ್ತಾರೆ. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯುವುದಿಲ್ಲ. ಅದು ಚರಂಡಿಗೆ. ಆ ದಿನ ಮೀನಿಗೆ ಊಟವೂ ಇಲ್ಲ.

ತೊಟ್ಟಿಯ ನೀರಾದರೂ ಎಂಥದ್ದು? ನಲ್ಲಿ ನೀರಿನ ಕ್ಲೋರಿನ್ ಕೂಡ ಕಿವಿರಿಗೆ ಕೆಡುಕು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವು ಎಂದುಕೊಂಡು ಕಾಳು ಹಾಕಬೇಡಿ. ಅವು ಉಸಿರಿಗಾಗಿ ಒದ್ದಾಡುತ್ತಿರಬಹುದು. ಗಾಳಿ ಪಂಪು ಬೇಕಾಗುವುದು ಇದಕ್ಕೇ.

ಪ್ರಯಾಣದಲ್ಲಿ ದಣಿದ ಮೀನಿಗೆ ರೋಗ ಬೇಗ ತಗಲುತ್ತದೆ. ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆ ಕಂಡರೆ ಅದು ಒಂದು ಪರೋಪಜೀವಿಯ ಕೆಲಸ. ಅದಕ್ಕೆಂದೇ ಹೊಸ ಮೀನುಗಳನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಡಬೇಕು. ಆ ತೊಟ್ಟಿಯ ಬಲೆಯನ್ನು ಹಳೆಯ ಮೀನುಗಳ ತೊಟ್ಟಿಗೆ ಅದ್ದಬಾರದು.

ಇಷ್ಟೆಲ್ಲ ಮಾಡಿದರೂ ತೊಟ್ಟಿಯಲ್ಲಿ ಮೀನು ದಿನವೂ ಅಮೋನಿಯ ಬಿಡುತ್ತಲೇ ಇರುತ್ತದಲ್ಲ, ಅದು ಎಲ್ಲಿ ಹೋಗುತ್ತದೆ? ಇಲ್ಲಿ ನಮ್ಮ ನೆರವಿಗೆ ಬರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೆಡುಕಲ್ಲ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಇವು ಹೊಸ ತೊಟ್ಟಿಯಲ್ಲಿ ಬೆಳೆದು ನೆಲೆಸಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಥಳಥಳಿಸುವ ಹೊಸ ತೊಟ್ಟಿಗೆ ಒಮ್ಮೆಗೇ ಮೀನು ತುಂಬಿದರೆ ಏನಾಗುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ.

ಈ ಬ್ಯಾಕ್ಟೀರಿಯಾಗಳ ಮುಖ್ಯ ಮನೆ ಶೋಧಕದಲ್ಲಿರುವ ಸ್ಪಂಜು. ಅದು ಕೊಳಕಾಯಿತೆಂದು ನಾನೊಮ್ಮೆ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದಿದ್ದೆ. ವಾರದೊಳಗೆ ಎರಡು ಮೀನು ಹೋದವು. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದನ್ನು ಮೆಲ್ಲಗೆ ಹಿಂಡಿದ್ದರೆ ಸಾಕಿತ್ತು. ಮುಂದಿನ ಸಲ ಮೀನಿನ ಅಂಗಡಿಗೆ ಹೋದಾಗ ಅಲ್ಲಿ ಸ್ಪಂಜನ್ನು ಯಾವ ನೀರಿನಲ್ಲಿ ತೊಳೆಯುತ್ತಾರೆ ಎಂದು ಕೇಳಿ ಬನ್ನಿ.