ಗಣಕಯಂತ್ರದ ಉಷ್ಣಾಂಶ: ನಂಬಲರ್ಹ ತಂತ್ರಾಂಶದ ಆಯ್ಕೆ

ಗಣಕಯಂತ್ರವು ಬಳಸಿಕೊಳ್ಳುವ ವಿದ್ಯುತ್ತಿನ ಬಹುಪಾಲು ಕೊನೆಗೆ ಶಾಖವಾಗಿ ಪರಿಣಮಿಸುತ್ತದೆ. ಈ ಶಾಖವನ್ನು ಹೊರಹಾಕಲು ಯಂತ್ರದೊಳಗೆ ಲೋಹದ ಪಟ್ಟಿಗಳೂ ಫ್ಯಾನುಗಳೂ ಇರುತ್ತವೆ. ಆದರೆ ಫ್ಯಾನು ಕೋಣೆಯ ಗಾಳಿಗಿಂತ ತಂಪಾದ ಗಾಳಿಯನ್ನು ಒದಗಿಸಲಾರದು. ದೆಹಲಿಯಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಹೊರಗಿನ ಉಷ್ಣಾಂಶವು 45 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳುಂಟು. ಅಂತಹ ದಿನಗಳಲ್ಲಿ, ಧೂಳು ಕಟ್ಟಿದ ಯಂತ್ರವು ಬಹುಬೇಗ ತನ್ನ ಮಿತಿಯನ್ನು ತಲುಪುತ್ತದೆ.

ಮಿತಿ ಸಮೀಪಿಸಿದಾಗ ಕೇಂದ್ರ ಸಂಸ್ಕರಣ ಘಟಕ, ಅಂದರೆ ಪ್ರೊಸೆಸರ್, ಶಾಖವನ್ನು ತಗ್ಗಿಸಲು ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಯಂತ್ರವು ಥಟ್ಟನೆ ನಿಂತುಹೋಗುತ್ತದೆ. ಉಳಿಸದೆ ಬಿಟ್ಟ ಲೆಕ್ಕಪತ್ರವಾಗಲಿ, ವಿದ್ಯಾರ್ಥಿಯ ಪ್ರಬಂಧವಾಗಲಿ ಆ ಕ್ಷಣದಲ್ಲಿ ನಷ್ಟವಾಗುವುದು ಸಾಧ್ಯ. ಆದುದರಿಂದ ಉಷ್ಣಾಂಶವನ್ನು ಆಗಾಗ್ಗೆ ಪರಿಶೀಲಿಸುವುದು ಹಿತಕರ. ಆದರೆ ಅದನ್ನು ತಿಳಿಸುವ ತಂತ್ರಾಂಶವೇ ತಪ್ಪು ಹೇಳಿದರೆ ಪರಿಶೀಲನೆಯು ನಿಷ್ಪ್ರಯೋಜಕವಾಗುತ್ತದೆ.

ಅಂಕಿ ಎಲ್ಲಿಂದ ಬರುತ್ತದೆ?

ತಂತ್ರಾಂಶವು ಸ್ವತಃ ಏನನ್ನೂ ಅಳೆಯುವುದಿಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ಡಿಸ್ಕ್ ಮುಂತಾದ ಭಾಗಗಳಲ್ಲಿ ತಯಾರಕರು ಅಳವಡಿಸಿರುವ ಸಂವೇದಕಗಳು ಅಳೆಯುತ್ತವೆ. ತಂತ್ರಾಂಶವು ಅವುಗಳನ್ನು ಓದಿ, ಅರ್ಥೈಸಿ ತೋರಿಸುತ್ತದೆ. ದೋಷವು ನುಸುಳುವುದು ಹೆಚ್ಚಾಗಿ ಈ ಅರ್ಥೈಸುವ ಹಂತದಲ್ಲಿ.

ಇಂಟೆಲ್ ಸಂಸ್ಥೆಯ ಕೋರ್ ಶ್ರೇಣಿಯ ಪ್ರೊಸೆಸರುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇವುಗಳ ಸಂವೇದಕವು ನೇರವಾಗಿ ಉಷ್ಣಾಂಶವನ್ನು ಹೇಳದೆ, ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನು ಹೇಳುತ್ತದೆ. ಮಿತಿಯು 100 ಡಿಗ್ರಿ ಇದ್ದು, 35 ಡಿಗ್ರಿ ಬಾಕಿ ಇದ್ದರೆ ಉಷ್ಣಾಂಶ 65 ಡಿಗ್ರಿ. ತಂತ್ರಾಂಶವು ಮಿತಿಯನ್ನು ತಪ್ಪಾಗಿ 90 ಎಂದು ಭಾವಿಸಿದರೆ ಅದೇ ಉಷ್ಣಾಂಶವು 55 ಎಂದು ಕಾಣುತ್ತದೆ.

2017ರಲ್ಲಿ ಇದಕ್ಕೆ ವಿರುದ್ಧವಾದ ಪ್ರಸಂಗವೊಂದು ಸಂಭವಿಸಿತು. ಎಎಂಡಿ ಸಂಸ್ಥೆಯ ರೈಜೆನ್ 7 1700ಎಕ್ಸ್ ಮತ್ತು 1800ಎಕ್ಸ್ ಪ್ರೊಸೆಸರುಗಳು ಫ್ಯಾನ್ ನಿಯಂತ್ರಣದ ಸಲುವಾಗಿ ನಿಜವಾದ ಉಷ್ಣಾಂಶಕ್ಕೆ 20 ಡಿಗ್ರಿ ಸೇರಿಸಿ ವರದಿ ಮಾಡುತ್ತಿದ್ದವು. ಇದನ್ನರಿಯದ ತಂತ್ರಾಂಶಗಳು 50 ಡಿಗ್ರಿಯಿದ್ದ ಪ್ರೊಸೆಸರನ್ನು 70 ಡಿಗ್ರಿ ಎಂದು ತೋರಿಸಿದವು. ಸಂಸ್ಥೆಯು ಈ ವ್ಯತ್ಯಾಸವನ್ನು ಅದೇ ವರ್ಷ ಬಹಿರಂಗವಾಗಿ ವಿವರಿಸಿತು.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ತಂತ್ರಾಂಶವು ತನ್ನ ಯಂತ್ರದ ಪ್ರೊಸೆಸರನ್ನು ಗುರುತಿಸುತ್ತದೆಯೇ ಎಂಬುದನ್ನು ಬಳಕೆದಾರರು ಮೊದಲು ನೋಡಬೇಕು. ಪ್ರೊಸೆಸರಿಗಿಂತ ಹಿಂದಿನ ಕಾಲದ ತಂತ್ರಾಂಶವು ಅದರ ಮಿತಿಯನ್ನು ತಿಳಿದಿರಲಾರದು. ಒಮ್ಮೆ ಜನಪ್ರಿಯವಾಗಿದ್ದ ಸ್ಪೀಡ್‌ಫ್ಯಾನ್ ಹಲವು ವರ್ಷಗಳಿಂದ ಪರಿಷ್ಕರಣೆ ಕಾಣದಿರುವುದರಿಂದ ಹೊಸ ಯಂತ್ರಗಳಿಗೆ ತಕ್ಕುದಲ್ಲ.

2. ಈಗಿನ ಅಂಕಿಯೊಂದಿಗೆ ಕನಿಷ್ಠ ಹಾಗೂ ಗರಿಷ್ಠ ಅಂಕಿಗಳನ್ನೂ ದಾಖಲಿಸುವ ತಂತ್ರಾಂಶವು ಉತ್ತಮ. ಕೆಲಸ ಮುಗಿದ ಮೇಲೆ ನೋಡಿದರೂ ಗರಿಷ್ಠ ಉಷ್ಣಾಂಶವು ತಿಳಿಯುತ್ತದೆ.

3. ತಂತ್ರಾಂಶವನ್ನು ಅದರ ತಯಾರಕರ ಅಧಿಕೃತ ಅಂತರಜಾಲ ತಾಣದಿಂದಲೇ ಪಡೆಯಬೇಕು. ಹುಡುಕಾಟದ ಫಲಿತಾಂಶಗಳಲ್ಲಿ ಜಾಹೀರಾತಾಗಿ ಕಾಣುವ ಕೊಂಡಿಗಳನ್ನು ನೆಚ್ಚಬಾರದು. ಅಳವಡಿಸುವಾಗ ಜೊತೆಯಲ್ಲಿ ಬರುವ ಅನಗತ್ಯ ತಂತ್ರಾಂಶಗಳನ್ನು ನಿರಾಕರಿಸಬೇಕು.

4. ಸಂವೇದಕಗಳನ್ನು ಓದಲು ಇಂತಹ ತಂತ್ರಾಂಶಗಳಿಗೆ ಕಾರ್ಯಾಚರಣ ವ್ಯವಸ್ಥೆಯ ಒಳಪದರದ ಪ್ರವೇಶವು ಬೇಕಾಗುತ್ತದೆ. ಈ ಪ್ರವೇಶವನ್ನು ಒದಗಿಸುವ ಡ್ರೈವರ್ ದುರ್ಬಲವಾಗಿದ್ದರೆ ದುಷ್ಕರ್ಮಿಗಳಿಗೂ ಅದೇ ದಾರಿಯಾಗುತ್ತದೆ. ಹಲವು ತಂತ್ರಾಂಶಗಳು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರಿನ ದೋಷವು 2020ರಲ್ಲಿಯೇ ಪ್ರಕಟವಾಗಿತ್ತು. 2025ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಡಿಫೆಂಡರ್ ಅದನ್ನು ಅಪಾಯಕಾರಿಯೆಂದು ತಡೆಯತೊಡಗಿತು. ಇಂತಹ ಎಚ್ಚರಿಕೆ ಕಂಡಾಗ ರಕ್ಷಣಾ ತಂತ್ರಾಂಶವನ್ನು ನಿಷ್ಕ್ರಿಯಗೊಳಿಸದೆ, ಉಷ್ಣಾಂಶ ತಂತ್ರಾಂಶದ ಪರಿಷ್ಕೃತ ಆವೃತ್ತಿಯನ್ನು ಅರಸುವುದೇ ಸರಿಯಾದ ಕ್ರಮ.

ವಿಂಡೋಸ್ ವ್ಯವಸ್ಥೆಯಲ್ಲಿ ಎಚ್‌ಡಬ್ಲ್ಯೂಇನ್ಫೋ ಬಹುತೇಕ ಎಲ್ಲ ಸಂವೇದಕಗಳನ್ನೂ ಓದುತ್ತದೆ. ಕೋರ್ ಟೆಂಪ್ ಪ್ರೊಸೆಸರಿಗೆ ಸೀಮಿತವಾದುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಡಿಸ್ಕುಗಳ ಉಷ್ಣಾಂಶ ಮತ್ತು ಸುಸ್ಥಿತಿಯನ್ನು ತಿಳಿಸುತ್ತದೆ. ಲಿನಕ್ಸ್ ಬಳಕೆದಾರರಿಗೆ ಎಲ್‌ಎಂ-ಸೆನ್ಸರ್ಸ್ ಉಚಿತವಾಗಿ ದೊರೆಯುತ್ತದೆ.

ಪರೀಕ್ಷಿಸುವ ಬಗೆ

ತಂತ್ರಾಂಶವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ರಾತ್ರಿಯಿಡೀ ನಿಲ್ಲಿಸಿದ್ದ ಯಂತ್ರವನ್ನು ಬೆಳಿಗ್ಗೆ ಚಾಲನೆ ಮಾಡಿ ಅಂಕಿಯನ್ನು ಓದಬೇಕು. ಫ್ಯಾನಿನಿಂದ ತಣಿಯುವ ಯಂತ್ರವು ಕೋಣೆಗಿಂತ ತಂಪಾಗಿರಲಾರದು. ಕೋಣೆಯಲ್ಲಿ 30 ಡಿಗ್ರಿ ಇರುವಾಗ ತಂತ್ರಾಂಶವು 15 ಡಿಗ್ರಿ ತೋರಿಸಿದರೆ ಆ ಅಂಕಿಯು ನಂಬಲರ್ಹವಲ್ಲ. ಬಳಿಕ ಭಾರವಾದ ಕೆಲಸವೊಂದನ್ನು ಆರಂಭಿಸಿದರೆ ಪ್ರೊಸೆಸರಿನ ಅಂಕಿಯು ಕೆಲವೇ ಕ್ಷಣಗಳಲ್ಲಿ ಏರಬೇಕು. ಎಂದೂ ಕದಲದೆ 127 ಡಿಗ್ರಿಯಂತಹ ವಿಪರೀತ ಅಂಕಿಯನ್ನು ತೋರಿಸುವ ಸಾಲು ಹೆಚ್ಚಾಗಿ ಜೋಡಣೆಯೇ ಇಲ್ಲದ ಸಂವೇದಕದ್ದಾಗಿರುತ್ತದೆ, ಅದಕ್ಕೆ ಅಂಜಬೇಕಾಗಿಲ್ಲ. ಎರಡು ತಂತ್ರಾಂಶಗಳನ್ನು ಹೋಲಿಸುವಾಗ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಎರಡೂ ಏಕಕಾಲದಲ್ಲಿ ಒಂದೇ ಸಂವೇದಕವನ್ನು ಓದಲು ಹೋದರೆ ಅಂಕಿಗಳು ಕೆಡುವ ಸಂಭವವಿದೆ.

ದೊರೆತ ಅಂಕಿಯನ್ನು ಆಯಾ ಪ್ರೊಸೆಸರಿಗೆ ತಯಾರಕರು ಪ್ರಕಟಿಸಿರುವ ಮಿತಿಯೊಂದಿಗೆ ಹೋಲಿಸಬೇಕು. ಇಂಟೆಲ್ ಸಂಸ್ಥೆಯ ಹಲವು ಪ್ರೊಸೆಸರುಗಳಿಗೆ ಈ ಮಿತಿಯು 100 ಡಿಗ್ರಿ. ಮೇಜಿನ ಗಣಕಯಂತ್ರಗಳಿಗಾಗಿ ಬಂದ ರೈಜೆನ್ 7000 ಶ್ರೇಣಿಯ ಹಲವಕ್ಕೆ 95 ಡಿಗ್ರಿ. ಸಾಧಾರಣ ಕೆಲಸದಲ್ಲಿಯೇ ಅಂಕಿಯು ಮಿತಿಯ ಸಮೀಪ ನಿಂತರೆ ಯಂತ್ರವನ್ನು ನಿಲ್ಲಿಸಿ, ಗಾಳಿಯ ಕಿಂಡಿಗಳ ಧೂಳು ತೆಗೆದು, ಫ್ಯಾನು ತಿರುಗುತ್ತಿದೆಯೇ ಎಂದು ನೋಡಬೇಕು. ಲ್ಯಾಪ್‌ಟಾಪನ್ನು ಹಾಸಿಗೆ ದಿಂಬುಗಳ ಮೇಲಿರಿಸಿ ಬಳಸುವುದನ್ನು ಬಿಡಬೇಕು.

“ನಿಮ್ಮ ಯಂತ್ರ ಕಾದಿದೆ, ಕೂಡಲೇ ಕರೆ ಮಾಡಿ” ಎಂದು ಅಂತರಜಾಲ ಪುಟಗಳಲ್ಲಿ ದೂರವಾಣಿ ಸಂಖ್ಯೆಯೊಂದಿಗೆ ಮೂಡುವ ಪ್ರಕಟಣೆಗಳು ವಂಚನೆಯ ಜಾಲಗಳು. ಸಾಮಾನ್ಯ ಅಂತರಜಾಲ ಪುಟವು ಯಂತ್ರದ ಸಂವೇದಕಗಳನ್ನು ಓದಲಾರದು. ಇಂತಹ ಕರೆಯಿಂದ ಹಣ ಕಳೆದುಕೊಂಡವರು ವಿಳಂಬಿಸದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡತಕ್ಕದ್ದು.