ಮರ ಮಾರುವ ಮುನ್ನ ಬೊಡ್ಡೆಯ ಮಾತು

ಹಿತ್ತಲಿನ ಮರ ಕೊಡುವವರು ದಿಮ್ಮಿಗೆ ಚೌಕಾಶಿ ಮಾಡುತ್ತಾರೆ, ಬೊಡ್ಡೆಯ ಸುದ್ದಿ ಎತ್ತುವುದೇ ಇಲ್ಲ. ವ್ಯಾಪಾರಿ ಮರ ಕಡಿದು, ತುಂಡು ಹಾಕಿ, ಟ್ರ್ಯಾಕ್ಟರಿಗೆ ತುಂಬಿಕೊಂಡು ಹೊರಟುಬಿಡುತ್ತಾನೆ. ನೆಲದಲ್ಲಿ ಉಳಿದ ಬೊಡ್ಡೆ ಮನೆಯವರ ಪಾಲು. ಅದನ್ನು ಆಮೇಲೆ ಕೀಳಿಸಲು ಹೊರಟರೆ ದಿಮ್ಮಿಯಿಂದ ಬಂದ ಹಣ ಅಲ್ಲಿಗೇ ಸರಿಹೋಗುತ್ತದೆ.

ತಿಪಟೂರಿನಲ್ಲಿ ಈ ಅಂಕಣಕಾರನ ಮನೆಯ ಹಿತ್ತಲಲ್ಲೂ ಎರಡು ಮರ ತೆಗೆಸಬೇಕಾಗಿ ಬಂತು. ಒಂದು ಸಂಪಿನ ಪಕ್ಕ ವಾಲಿದ್ದ ಮುದಿ ತೆಂಗು, ಇನ್ನೊಂದು ಕರೆಂಟ್ ತಂತಿಗೆ ತಾಗುತ್ತಿದ್ದ ಮೂಲೆಯ ಮಾವು. ಯಾವ ಜಾತಿಯ ಮರಕ್ಕೆ ಅನುಮತಿ ಬೇಕು, ಯಾವುದಕ್ಕೆ ವಿನಾಯಿತಿ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ, ಅದು ಮನೆಯಂಗಳದ ಮರಕ್ಕೂ ಅನ್ವಯಿಸುತ್ತದೆ.

ವ್ಯಾಪಾರಿ ಎರಡೂ ಮರಕ್ಕೆ ₹4,000 ಹೇಳಿದ. ತೆಂಗಿನ ಬೊಡ್ಡೆಯನ್ನೂ ಕಿತ್ತುಕೊಡಬೇಕು ಎಂದಾಗ, “ಬೊಡ್ಡೆ ಕೀಳೋದು ನಮ್ ಕೆಲ್ಸ ಅಲ್ಲ ಸ್ವಾಮಿ, ಕಡ್ದು ತಗೊಂಡ್ ಹೋಗೋದಷ್ಟೇ” ಎಂದ. ಕೊನೆಗೆ ₹2,200ಕ್ಕೆ ಒಪ್ಪಿದ, ಬೊಡ್ಡೆಯೂ ಸೇರಿ. ಅಲ್ಲಿಗೆ ಬೊಡ್ಡೆ ಕೀಳಿಸಲು ಆದ ಖರ್ಚು ₹1,800. ಅದೇ ಕೆಲಸಕ್ಕೆ ಬೇರೆ ಕೂಲಿಯವರು ಕೇಳಿದ್ದು ₹3,500. ಜೆಸಿಬಿ ತರಿಸೋಣವೆಂದರೆ ಗಂಟೆಯ ಬಾಡಿಗೆಯೊಂದೇ ಅಲ್ಲ, ಬಂದುಹೋಗುವ ಖರ್ಚೂ ಸೇರುತ್ತದೆ. ಮೇಲಾಗಿ ಏಳು ಅಡಿಗೂ ಹೆಚ್ಚು ಅಗಲದ ಆ ಯಂತ್ರ ಒಳಗೆ ಬರಬೇಕಾದರೆ ಕಾಂಪೌಂಡ್ ಒಡೆಯಬೇಕಿತ್ತು, ಆಮೇಲೆ ಗಾರೆಯವರನ್ನು ಕರೆಯಬೇಕಿತ್ತು. ಸಂಪಿನ ಗೋಡೆಗೆ ಬಕೆಟ್ ತಗುಲುವ ಭಯ ಬೇರೆ.

ತೆಂಗಿನ ಬೊಡ್ಡೆ ಕೈಕೆಲಸಕ್ಕೆ ಬಗ್ಗುವುದಕ್ಕೆ ಕಾರಣ ಅದರ ಬೇರಿನಲ್ಲಿದೆ. ಮಾವು, ಹಲಸಿನಂತೆ ಅದಕ್ಕೆ ತಾಯಿಬೇರಿಲ್ಲ. ಬುಡದಿಂದ ಹೊರಡುವ ಸಾವಿರಾರು ಬೇರುಗಳು ಎಷ್ಟು ವರ್ಷವಾದರೂ ಬೆರಳಿನ ಗಾತ್ರ ಮೀರುವುದಿಲ್ಲ. ವ್ಯಾಪಾರಿಯ ಆಳುಗಳು ಮರವನ್ನು ಮೇಲಿನಿಂದ ತುಂಡುತುಂಡಾಗಿ ಇಳಿಸಿ, ಎದೆಯೆತ್ತರದ ಕಾಂಡವನ್ನು ಹಾಗೇ ಬಿಟ್ಟರು. ಹಿಂದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರುಣಿಸಿದ್ದರಿಂದ ಮಣ್ಣು ಸಡಿಲವಾಗಿತ್ತು. ಗುದ್ದಲಿಯಲ್ಲಿ ಸುತ್ತ ಗುಂಡಿ ತೋಡಿದರು. ಚಪ್ಪಟೆ ಬಾಯಿಯ ಹಾರೆ ಬಿದ್ದಲ್ಲೆಲ್ಲ ಬೇರುಗಳು ಪಟಪಟನೆ ತುಂಡಾದವು, ಒಳಗೆ ಬಿಳಿ, ಹೊರಗೆ ಕೆಂಗಂದು. ಆಮೇಲೆ ಕಾಂಡದ ತುದಿಗೆ ಹಗ್ಗ ಬಿಗಿದು ಸಂಪಿಗೆ ಎದುರು ದಿಕ್ಕಿನಲ್ಲಿ ಜಗ್ಗಿದರು, ಬೊಡ್ಡೆ ಮಣ್ಣಿನ ಹೆಂಟೆಯ ಸಮೇತ ಮಗುಚಿತು. ನೆಲಮಟ್ಟಕ್ಕೆ ಕೊಯ್ದಿದ್ದರೆ ಹಗ್ಗ ಕಟ್ಟಲು ಜಾಗವೇ ಇರುತ್ತಿರಲಿಲ್ಲ. ಬೊಡ್ಡೆ ತೆಗೆಯುವುದಾದರೆ ಕಾಂಡ ಉಳಿಸಿ ಎಂದು ಕೊಡಲಿ ಬೀಳುವ ಮೊದಲೇ ಹೇಳಿರಬೇಕು.

ಇಷ್ಟು ಖರ್ಚು ಮಾಡಿ ತೆಂಗಿನ ಬೊಡ್ಡೆ ಕೀಳಿಸುವುದೇಕೆ? ಅದು ಮತ್ತೆ ಚಿಗುರುವುದಿಲ್ಲ, ಬಿಟ್ಟರೆ ತಾನೇ ಕೊಳೆಯುತ್ತದೆ, ನಿಜ. ಆದರೆ ಕೊಳೆಯುವ ತೆಂಗಿನ ಬೊಡ್ಡೆ ರೈನೋಸಿರಸ್ ದುಂಬಿ ಮೊಟ್ಟೆಯಿಡುವ ಜಾಗ. ದೊಡ್ಡದಾದ ದುಂಬಿ ಪಕ್ಕದ ತೆಂಗಿನ ಸುಳಿಗೆ ನುಗ್ಗಿ ಕೊರೆಯುತ್ತದೆ, ಆಮೇಲೆ ಬಿಚ್ಚಿಕೊಳ್ಳುವ ಗರಿಗಳು ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತವೆ. ತಿಪಟೂರಿನ ಹಿತ್ತಲಲ್ಲಿ ಒಂದು ಫಲದ ಮರ ಸೊರಗಿದರೆ ಆಗುವ ನಷ್ಟದ ಮುಂದೆ ₹1,800 ದೊಡ್ಡದಲ್ಲ. ಅಣಬೆ ರೋಗದಿಂದ ಸತ್ತ ಮರವಾದರಂತೂ ಯೋಚಿಸುವಂತೆಯೇ ಇಲ್ಲ, ಬೊಡ್ಡೆ, ಬೇರು ಎಲ್ಲ ತೆಗೆದು ನಾಶ ಮಾಡಲೇಬೇಕು.

ಮಾವಿನ ಲೆಕ್ಕವೇ ಬೇರೆ. ಅದರ ಬೇರು ಆಳಕ್ಕೆ ಇಳಿದಿರುತ್ತದೆ, ಕೀಳಿಸುವ ಕೂಲಿ ವಿಪರೀತ. ಮೂಲೆಯ ಆ ಜಾಗದಲ್ಲಿ ಕಟ್ಟುವಂಥದ್ದೂ ಏನಿರಲಿಲ್ಲ. ಹಾಗಾಗಿ ಅದನ್ನು ಕೊಳೆಯಲು ಬಿಡುವುದೆಂದಾಯಿತು. ಬಡಗಿಯೊಬ್ಬರು ₹300 ತೆಗೆದುಕೊಂಡು ದಪ್ಪ ಬಿಟ್ ಹಾಕಿ ಬೊಡ್ಡೆಯ ತುಂಬ ಆಳದ ತೂತು ಕೊರೆದುಕೊಟ್ಟರು. ತೂತುಗಳಿಗೆ ಸಗಣಿ ಬಗ್ಗಡ ಸುರಿದು, ಮೇಲೆ ಒದ್ದೆ ಮಣ್ಣು, ತರಗೆಲೆ ಮುಚ್ಚಿದ್ದಾಯಿತು. ಮರದಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು, ಆ ಕೊರತೆಯನ್ನು ಸಗಣಿ ಸ್ವಲ್ಪಮಟ್ಟಿಗೆ ತುಂಬುತ್ತದೆ. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಅತ್ತ ತಿರುಗಿಸಿದರೆ ಸಾಕು. ಬುಡದಲ್ಲಿ ಏಳುವ ಚಿಗುರನ್ನು ಮಾತ್ರ ಎಳೆಯದಾಗಿರುವಾಗಲೇ ಮುರಿಯುತ್ತಿರಬೇಕು, ಎಲೆ ಬಲಿಯಲು ಬಿಟ್ಟರೆ ಬೇರಿಗೆ ಮತ್ತೆ ಜೀವ ಬರುತ್ತದೆ. ಇದಕ್ಕೆ ವರ್ಷಗಳು ಹಿಡಿಯುತ್ತವೆ, ಹಣ ಹಿಡಿಯುವುದಿಲ್ಲ. ಗೋಡೆಗೆ ತೀರಾ ಹತ್ತಿರದ ಬೊಡ್ಡೆಗೆ ಈ ಉಪಾಯ ಬೇಡ, ಗೆದ್ದಲು ಅಲ್ಲಿಂದ ಬಾಗಿಲ ಚೌಕಟ್ಟಿಗೂ ದಾರಿ ಮಾಡಿಕೊಳ್ಳಬಹುದು.

ಹರಳುಪ್ಪು, ಸೀಮೆಎಣ್ಣೆ, ಆಸಿಡ್ ಸುರಿಯಿರಿ ಎಂದು ಹೇಳುವವರು ಬಹಳ ಮಂದಿ. ಬಾವಿಯಿರುವ, ಸೊಪ್ಪು ಬೆಳೆಯುವ ಹಿತ್ತಲಿಗೆ ಅದು ಖಂಡಿತ ಬೇಡ. ಉಪ್ಪು ಕುಡಿದ ಮಣ್ಣು ಗಟ್ಟಿಯಾಗುತ್ತದೆ, ಅದನ್ನು ತೆಗೆದು ಹೊಸ ಮಣ್ಣು ಹೊಡೆಸುವ ಖರ್ಚು ಮುಂದೆ ಬಂದೇ ಬರುತ್ತದೆ. ಬೆಂಕಿ ಹಚ್ಚುವುದೂ ಅಷ್ಟೇ ಅಪಾಯ, ಬೇರಿನ ಗುಂಟ ಕಿಡಿ ನೆಲದೊಳಗೇ ಹೊಗೆಯಾಡುತ್ತಿರುತ್ತದೆ.

ಬೊಡ್ಡೆ ಬಂದ ಗುಂಡಿಗೂ ಖರ್ಚಿದೆ. ತೋಡಿದ ಮಣ್ಣನ್ನೇ ಎಳೆದರೂ ಅದು ತುಂಬಲಿಲ್ಲ, ಅರ್ಧ ಟ್ರ್ಯಾಕ್ಟರ್ ಮಣ್ಣಿಗೆ ₹700 ಕೊಡಬೇಕಾಯಿತು. ಸಂಪಿನ ಸುತ್ತ ಟೈಲ್ಸ್ ಹಾಕಿಸುವ ಕೆಲಸವನ್ನು ಅಂಕಣಕಾರ ಒಂದು ಮಳೆಗಾಲ ಮುಂದಕ್ಕೆ ಹಾಕಿದ್ದಾನೆ. ಹೊಸ ಮಣ್ಣು ಮಳೆಗೆ ಕುಸಿದು ಕೂರದೆ ಮೇಲೆ ಟೈಲ್ಸ್ ಕೂರಿಸಿದರೆ ಅದನ್ನು ಎಬ್ಬಿಸಿ ಮತ್ತೆ ಹಾಕಿಸಬೇಕಾಗುತ್ತದೆ. ಅಲ್ಲಿಯವರೆಗೆ ಆ ಜಾಗದಲ್ಲಿ ದಂಟು, ಹರಿವೆ ಸೊಪ್ಪು ಬೆಳೆಯುತ್ತಿದೆ.