ಹಗುರದ ಕೋವಿ ಕೇಳಿದ ಮಗಳಿಗೆ

ಮಗಳೇ, ಕಡಿಮೆ ಬೆಲೆಯ, ಹಗುರವಾದ ಪಾಯಿಂಟ್ ಟೂಟೂ ರೈಫಲ್ ಯಾವುದು ಅಂತ ಕೇಳಿದ್ದೀಯ. ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನಿಲ್ಲಬೇಕು, ಹಬ್ಬ ಮುಗಿದ ಮೇಲೂ ಬಿಡದೆ ಕಾಗದದ ಗುರಿಗೆ ಹೊಡೆಯುವುದನ್ನು ಕ್ರಮವಾಗಿ ಕಲಿಯಬೇಕು ಅನ್ನುವ ನಿನ್ನ ಆಸೆ ಕೇಳಿ ನನಗೆ ತುಂಬ ಸಂತೋಷವಾಯಿತು. ಮನೆಯಲ್ಲಿ ಕೋವಿ ಇದೆಯಲ್ಲ, ಇನ್ನೊಂದು ಯಾಕೆ ಎಂದು ನಿನ್ನಪ್ಪ ಕೇಳಿದನಂತೆ. ಅದು ಹನ್ನೆರಡು ಬೋರಿನ ತೋಟಾ ಕೋವಿ, ಅದರ ನಳಿಗೆಯ ಒಳಗು ನುಣುಪು. ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಹಾರಿಸುವುದಕ್ಕೆ, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವುದಕ್ಕೆ ಅದು ಬೇಕು. ಒಂದೇ ಗುಂಡನ್ನು ದೂರದ ಒಂದೇ ಚುಕ್ಕೆಗೆ ಮತ್ತೆ ಮತ್ತೆ ಕಳಿಸುವ ಕೆಲಸ ಅದರದ್ದಲ್ಲ. ನಳಿಗೆಯೊಳಗೆ ಸುರುಳಿ ಗೀರಿದ್ದು ಗುಂಡನ್ನು ತಿರುಗಿಸಿ ಬಿಡುವ ರೈಫಲ್ಲೇ ಆ ಕೆಲಸಕ್ಕೆ ಆಗಬೇಕು.

ಪಾಯಿಂಟ್ ಟೂಟೂ ಆರಿಸಿದ್ದೂ ಸರಿಯೇ. ಅದರ ತೋಟಾದಲ್ಲಿ ಹೊತ್ತಿಸುವ ಮದ್ದು ಬುಡದ ನಡುವೆ ಇರುವುದಿಲ್ಲ, ಸುತ್ತಲಿನ ಅಂಚಿನ ಒಳಗೆ ಇರುತ್ತದೆ. ಪಿನ್ನು ಬಂದು ಅಂಚನ್ನು ಜಜ್ಜಿದಾಗ ಹೊತ್ತಿಕೊಳ್ಳುತ್ತದೆ. ಅದಕ್ಕೇ ರಿಮ್‌ಫೈರ್ ಅನ್ನುವುದು. ನಾವು ಈಗ ಹೊಡೆಯುವ ಲಾಂಗ್ ರೈಫಲ್ ತೋಟಾವನ್ನು ಅಮೆರಿಕದ ಸ್ಟೀವನ್ಸ್ ಕಂಪನಿ 1887ರಲ್ಲಿ ತಂದಿತು. ಗುಂಡಿನ ತೂಕ ಸುಮಾರು 2.6 ಗ್ರಾಂ, ಮೆತ್ತನೆಯ ಸೀಸ, ಮದ್ದೂ ಸ್ವಲ್ಪವೇ. ಹಾಗಾಗಿ ಕೋವಿ ಹೆಗಲಿಗೆ ಒದೆಯುವುದಿಲ್ಲ. ಒದೆಯದ ಕೋವಿಯಲ್ಲಿ ಕಲಿತವರಿಗೆ ಕಣ್ಣು ಮುಚ್ಚುವ, ಹೆಗಲು ಹಿಂದೆಗೆಯುವ ಚಟ ಹತ್ತುವುದಿಲ್ಲ. ಒಮ್ಮೆ ಹತ್ತಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಈಗ ನಿನ್ನ ‘ಹಗುರ’ದ ವಿಚಾರಕ್ಕೆ ಬರುತ್ತೇನೆ. ನಾನು ಹೇಳಬೇಕೆಂದಿರುವುದರ ತಿರುಳು ಇದೇ.

ಹಗುರದ ಕೋವಿ ಬೇಕಾಗಿದ್ದುದು ದಿನವಿಡೀ ಹೊತ್ತು ತಿರುಗುವ ಬೇಟೆಗಾರರಿಗೆ. ಬೇಟೆ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಗುರಿ ಹೊಡೆಯುವವಳು ಕೋವಿಯನ್ನು ಚೀಲದಿಂದ ತೆಗೆದು ನಿಲ್ಲುವ ಜಾಗದ ತನಕ ಹೊತ್ತರೆ ಸಾಕು. ಆಮೇಲೆ ಅದನ್ನು ಅಲುಗಾಡದಂತೆ ಹಿಡಿಯುವುದಷ್ಟೇ ಕೆಲಸ. ಅಲುಗಾಡದಿರಲು ತೂಕ ಬೇಕು. ನಿನ್ನ ಎದೆಯ ಬಡಿತ, ಉಸಿರು, ಬೆರಳಿನ ಎಳೆತ ಎಲ್ಲವೂ ಹಗುರದ ಕೋವಿಯನ್ನು ಹೆಚ್ಚು ಅಲ್ಲಾಡಿಸುತ್ತವೆ, ಭಾರದ್ದನ್ನು ಕಡಿಮೆ. ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯಲ್ಲಿ ಪುರುಷರ ರೈಫಲ್‌ಗೆ 8 ಕೆ.ಜಿ. ತನಕ ತೂಕದ ಅವಕಾಶ ಇಟ್ಟಿರುವುದು ಸುಮ್ಮನೆ ಅಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಲೆ ಮೂರು ಭಂಗಿಯ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಾಗ ಟಿ.ವಿ.ಯಲ್ಲಿ ನೋಡಿರಬೇಕು. ನಿಂತು ಹೊಡೆಯುವಾಗ ಅವರು ಸೊಂಟವನ್ನು ಮುಂದಕ್ಕೆ ಕೊಟ್ಟು, ಎಡ ಮೊಣಕೈಯನ್ನು ಪಕ್ಕೆಗೆ ಆನಿಸಿ ನಿಲ್ಲುತ್ತಾರೆ. ಕೋವಿಯ ಭಾರ ಹೊರುವುದು ತೋಳಿನ ಮಾಂಸ ಅಲ್ಲ, ಮೂಳೆ. ಮಾಂಸಖಂಡ ದಣಿಯುತ್ತದೆ, ನಡುಗುತ್ತದೆ. ಮೂಳೆಗೆ ಆ ತೊಂದರೆ ಇಲ್ಲ.

ಇದರ ಜೊತೆಗೆ ಟ್ರಿಗರ್‌ನ ಲೆಕ್ಕ ಸೇರಿಸು, ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಕೋವಿಯ ತೂಕ 2.3 ಕೆ.ಜಿ. ಇದ್ದು, ಟ್ರಿಗರ್ ಎಳೆಯಲು 2 ಕೆ.ಜಿ.ಯ ಬಲ ಬೇಕಾದರೆ, ಬೆರಳು ಹಾಕುವ ಬಲ ಕೋವಿಯ ತೂಕದ ಹತ್ತಿರ ಹತ್ತಿರ ಆಯಿತು. ಕೊನೆಯ ಕ್ಷಣದಲ್ಲಿ ನಳಿಗೆ ಪಕ್ಕಕ್ಕೆ ಸರಿಯದೆ ಇನ್ನೇನಾಗುತ್ತದೆ? ಅದೇ ಕೋವಿಯ ಟ್ರಿಗರ್ 1 ಕೆ.ಜಿ.ಗೆ ಬಿಟ್ಟರೆ ಅದು ಬೇರೆಯೇ ಕೋವಿ ಅನ್ನಿಸುತ್ತದೆ. ಹಾಗಾಗಿ ಹಗುರದ್ದೇ ಬೇಕು ಅಂತಿದ್ದರೆ ಟ್ರಿಗರ್ ನಯವಾಗಿರುವುದನ್ನೇ ಹುಡುಕು. ಎಳೆತದಲ್ಲಿ ತೊಡಕು, ಜಗ್ಗಾಟ ಇರಬಾರದು. ಕಸುಬು ಬಲ್ಲ ಗನ್‌ಸ್ಮಿತ್ ಕೈಯಲ್ಲಿ ಅದನ್ನು ಸರಿಮಾಡಿಸಬಹುದು. ಮನೆಯಲ್ಲಿ ಅರ ಹಿಡಿದು ಕೂರಬೇಡ. ಅಳತೆ ಮೀರಿ ತೇಯ್ದ ಟ್ರಿಗರ್ ಕೋವಿ ಕೆಳಗೆ ತಾಗಿದರೂ ಈಡಾಗಬಹುದು.

ಹಾಗಂತ ನಿನಗೆ 6 ಕೆ.ಜಿ.ಯದ್ದು ಕೊಳ್ಳು ಅನ್ನುವುದಿಲ್ಲ. ಸುಮಾರು 2.7ರಿಂದ 3.2 ಕೆ.ಜಿ. ಒಳಗಿನದ್ದು ನಿನ್ನ ಮೈಕಟ್ಟಿಗೆ ಹದ. ತಕ್ಕಡಿ ತೋರಿಸುವ ತೂಕಕ್ಕಿಂತ ತೂಕ ಎಲ್ಲಿ ಕೂತಿದೆ ಅನ್ನುವುದನ್ನು ನೋಡು. ಹಾರೆಯನ್ನು ನಡುವೆ ಹಿಡಿದರೂ ತುದಿಯಲ್ಲಿ ಹಿಡಿದರೂ ತೂಕ ಒಂದೇ, ಕೈಗೆ ಮಾತ್ರ ಒಂದೇ ಅಲ್ಲ. ನಿನ್ನ ಎಡಗೈ ಬರುವ ಜಾಗದಲ್ಲೋ ಅದರಿಂದ ಸ್ವಲ್ಪ ಮುಂದೋ ತೂಗಿ ನಿಲ್ಲುವ ಕೋವಿ ಗುರಿಯ ಮೇಲೆ ನಿಧಾನವಾಗಿ ಕೂರುತ್ತದೆ.

ಇನ್ನೊಂದು, ನೀನು ‘ಭಾರ’ ಅಂದುಕೊಂಡದ್ದು ನಿಜವಾಗಿ ಉದ್ದ ಇರಬಹುದು. ನಮ್ಮ ಕಡೆಯ ಹಳೆ ರೈಫಲ್‌ಗಳ ಹಿಡಿಯೆಲ್ಲ ಎತ್ತರದ ಗಂಡಸರ ಅಳತೆಗೆ ಮಾಡಿದ್ದು. ಹಿಡಿ ಉದ್ದವಾದರೆ ಕೋವಿ ಮುಂದಕ್ಕೆ ಹೋಗುತ್ತದೆ, ನೀನು ಬೆನ್ನು ಹಿಂದಕ್ಕೆ ವಾಲಿಸುತ್ತೀಯ, ಐದು ಗುಂಡಿಗೆ ತೋಳು ಸೋಲುತ್ತದೆ. ಕೋವಿಯ ಹಿಂಬದಿಯನ್ನು ಮೊಣಕೈ ಮಡಿಕೆಗೆ ಆನಿಸಿ ನೋಡು, ತೋರುಬೆರಳ ಮೊದಲ ಗೆಣ್ಣು ಟ್ರಿಗರ್ ಮೇಲೆ ತಾನಾಗಿ ಬಂದು ಕೂರಬೇಕು. ಆಮೇಲೆ ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ಬಿಡು. ಕತ್ತು ಚಾಚದೆ, ಕೆನ್ನೆ ಒತ್ತದೆ ಎರಡೂ ಸೈಟ್ ಒಂದೇ ಗೆರೆಗೆ ಬಂದಿದ್ದರೆ ಹಿಡಿ ನಿನ್ನದು. ಉದ್ದವಾದ ಹಿಡಿಯನ್ನು ಒಳ್ಳೆಯ ಬಡಗಿಯಿಂದ ಕೊಯ್ಯಿಸಿ ಗಿಡ್ಡ ಮಾಡಿಸಬಹುದು, ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಎಷ್ಟೋ ಹೆಣ್ಣುಮಕ್ಕಳು ಹಗುರದ ಕೋವಿ ಹುಡುಕುತ್ತಿರುವಾಗ ಅವರಿಗೆ ಬೇಕಾಗಿರುವುದು ಗಿಡ್ಡ ಹಿಡಿ.

ಯಾವ ಕೋವಿ ಅನ್ನುವುದಕ್ಕೆ ಉತ್ತರ ನಿನ್ನ ಗುರಿಯಲ್ಲೇ ಇದೆ. ಸುಲಿದ ತೆಂಗಿನಕಾಯಿ ಸುಮಾರು 10 ಸೆಂಟಿಮೀಟರ್ ಅಗಲ ಇರುತ್ತದೆ. 50 ಮೀಟರ್ ರೈಫಲ್ ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್. ಒಂದು ಇನ್ನೊಂದರ ಸುಮಾರು ಹತ್ತು ಪಟ್ಟು. ಅಷ್ಟು ದೂರದಲ್ಲಿ ಐದು ಗುಂಡನ್ನು ಒಂದು ಇಂಚಿನೊಳಗೆ ಕೂರಿಸುವ ಸಾದಾ ರೈಫಲ್ ಇದ್ದರೆ ಕಾಯಿಗೆ ಧಾರಾಳ ಸಾಕು. ತಪ್ಪಿದರೆ ಅದು ನಿನ್ನ ತಪ್ಪು, ಕೋವಿಯದ್ದಲ್ಲ. ಕಾಗದದ ಸ್ಪರ್ಧೆಯಲ್ಲಿ ಮೇಲಕ್ಕೆ ಹೋದ ದಿನ ಜರ್ಮನಿಯ ಆನ್ಶುಟ್ಸ್‌ನಂಥ ಕೋವಿಯ ಮಾತಾಡೋಣ. ಈಗಲೇ ಅದಕ್ಕೆ ಸಾಲ ಮಾಡುವುದು ಬೇಡ. ರೈಫಲ್ ಸಂಘ ಸೇರಿದರೆ ಅಲ್ಲಿನ ಕೋವಿಯಲ್ಲಿ ಹೊಡೆದು ನೋಡುವ ಅವಕಾಶವೂ ಸಿಗಬಹುದು.

ಹೊರದೇಶದ ಕೋವಿಗಳನ್ನು ಸಾಮಾನ್ಯರು ತರಿಸುವುದು 1980ರ ದಶಕದಲ್ಲೇ ನಿಂತಿತು, ಹೆಸರು ಮಾಡಿದ ಕ್ರೀಡಾಪಟುಗಳಿಗೆ ಮಾತ್ರ ದಾರಿ ಇದೆ. ಹಾಗಾಗಿ ನಿನ್ನ ಮುಂದೆ ಇರುವುದು ಮುಖ್ಯವಾಗಿ ಎರಡು. ನಮ್ಮ ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಯ ಹೊಸ ಪಾಯಿಂಟ್ ಟೂಟೂ ಒಂದು, ಯಾರದೋ ಮನೆಯಲ್ಲಿ ಚೆನ್ನಾಗಿ ಬಾಳಿದ ಹಳೆ ರೈಫಲ್ ಇನ್ನೊಂದು. ಹಳೆಯದರಲ್ಲಿ ಚೆಕ್ ದೇಶದ ಬ್ರನೋ ಸಿಕ್ಕರೆ ನಾನು ಎರಡನೇ ಯೋಚನೆ ಮಾಡುವುದಿಲ್ಲ. ಬೋಲ್ಟ್ ಗಟ್ಟಿ, ನಳಿಗೆ ಒಳ್ಳೆಯದು, ತೂಕವೂ ನಾನು ಹೇಳಿದ ಹದದಲ್ಲೇ. ಹಳೆಯದು ಸವೆದಿರುತ್ತದೆ ಅಂತ ಅಂಜಬೇಡ. ಮೆತ್ತನೆ ಸೀಸ, ಕಡಿಮೆ ಒತ್ತಡ, ಹೀಗಾಗಿ ಪಾಯಿಂಟ್ ಟೂಟೂ ನಳಿಗೆ ಹೊಡೆದು ಸವೆಯುವುದು ಅಪರೂಪ. ನಮ್ಮ ಊರಲ್ಲಿ ನಳಿಗೆಯನ್ನು ಕೊಲ್ಲುವುದು ಮಳೆಗಾಲ. ಜೂನ್‌ನಲ್ಲಿ ಎಣ್ಣೆ ಒರೆಸದೆ ಗೋಡೆಗೆ ಒರಗಿಸಿಟ್ಟ ಕೋವಿ ಸೆಪ್ಟೆಂಬರ್ ಹೊತ್ತಿಗೆ ಒಳಗೆಲ್ಲ ತುಕ್ಕಿನ ಗುಳಿ ಬಿದ್ದಿರುತ್ತದೆ. ಬೋಲ್ಟ್ ತೆಗೆದು, ಖಾಲಿ ಇದೆಯೆಂದು ನೋಡಿ, ಹಿಂದಿನಿಂದ ಬೆಳಕಿಗೆ ಹಿಡಿ. ಗೀರುಗಳು ಕೊನೆಯ ತನಕ ಚೂಪಾಗಿ ಹೊಳೆಯಬೇಕು. ನಳಿಗೆಯ ಬಾಯಲ್ಲಿ ಒಂದು ಕಚ್ಚೂ ಇರಬಾರದು. ಗುಂಡಿಗೆ ಕೊನೆಯದಾಗಿ ತಾಗುವುದು ಆ ಅಂಚು, ಅಲ್ಲಿ ಕಚ್ಚು ಇದ್ದರೆ ಪ್ರತಿ ಗುಂಡೂ ಓರೆ ಹೋಗುತ್ತದೆ. ತೋಟಾ ಕೂರುವ ಬಾಯಂಚಿನಲ್ಲಿ ಪಿನ್ನಿನ ಏಟಿನ ಗುರುತು ಆಳವಾಗಿದ್ದರೆ ಯಾರೋ ಖಾಲಿ ಕೋವಿಯಲ್ಲಿ ಟಕ್ ಟಕ್ ಎನ್ನಿಸಿದ್ದಾರೆ ಎಂದು ಅರ್ಥ. ರಿಮ್‌ಫೈರ್‌ನಲ್ಲಿ ತೋಟಾ ಇಲ್ಲದಿದ್ದರೆ ಪಿನ್ನು ನೇರ ಉಕ್ಕಿಗೇ ಬಡಿಯುತ್ತದೆ, ನೀನೂ ಹಾಗೆ ಮಾಡಬೇಡ. ಅಭ್ಯಾಸಕ್ಕೆ ಪ್ಲಾಸ್ಟಿಕ್ಕಿನ ಹುಸಿ ತೋಟಾ ಹಾಕಿಕೊ. ಮ್ಯಾಗಜಿನ್ ಇದೆಯೇ, ತೋಟಾವನ್ನು ಸಿಕ್ಕಿಸದೆ ಕೊಡುತ್ತದೆಯೇ ನೋಡು, ಹಳೆ ಮಾದರಿಗೆ ಇನ್ನೊಂದು ಸಿಗುವುದು ಕಷ್ಟ. ಟ್ರಿಗರ್ ಹಿಂದೆ ಮರ ಸೀಳಿದೆಯೇ ಅಂತ ಉಗುರಿನಿಂದ ತಡವು.

ಟೆಲಿಸ್ಕೋಪ್ ಈಗ ಬೇಡ. ಸೈಟ್ ನೋಡಿ ಹೊಡೆಯುವುದನ್ನು ಕಲಿ.

ಹೀಗೆ ಉಳಿಸಿದ ಹಣವನ್ನು ತೋಟಾಕ್ಕೆ ಇಡು. ಹೆಚ್ಚಿನವರು ಇಲ್ಲೇ ಎಡವುತ್ತಾರೆ, ಕೋವಿಗೆ ಎಲ್ಲ ಸುರಿದು, ಹಬ್ಬದ ಹಿಂದಿನ ದಿನ ಒಂದು ಪೆಟ್ಟಿಗೆ ಹೊಡೆದು ಸ್ಪರ್ಧೆಗೆ ಬರುತ್ತಾರೆ. ‘ಹೈ ವೆಲಾಸಿಟಿ’ ಎಂದು ಬರೆದದ್ದನ್ನು ಕಂಡು ಮರುಳಾಗಬೇಡ. ಅದು ಸೆಕೆಂಡಿಗೆ 380 ಮೀಟರ್‌ನ ಆಸುಪಾಸಿನಲ್ಲಿ, ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಹಾಗೆ ಇಳಿಯುವಾಗ ಗುಂಡು ತೊನೆಯುತ್ತದೆ, ಗಾಳಿಗೂ ಹೆಚ್ಚು ಸರಿಯುತ್ತದೆ. ಸೆಕೆಂಡಿಗೆ 330 ಮೀಟರ್ ಮೀರದ ಸಾದಾ ತೋಟಾ ಗುರಿಗೆ ಉತ್ತಮ, ಸ್ಪರ್ಧೆಗೆಂದೇ ಮಾಡುವ ತೋಟಾಗಳೆಲ್ಲ ಈ ಬಗೆಯವೇ. ಸಿಕ್ಕ ಎರಡು ಮೂರು ಬಗೆಯನ್ನು ಮರಳು ಚೀಲದ ಮೇಲೆ ಕೋವಿಯಿಟ್ಟು ಐದೈದು ಹೊಡೆದು ನೋಡು. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಕೋವಿಗಳು ಬೇರೆ ಬೇರೆ ತೋಟಾವನ್ನು ಮೆಚ್ಚುತ್ತವೆ. ಯಾವುದು ಹತ್ತಿರ ಹತ್ತಿರ ಕೂರುತ್ತದೋ ಅದನ್ನೇ, ಅದೇ ಲಾಟಿನದ್ದನ್ನೇ ತೆಗೆದುಕೊ. ವಾರದ ದಿನಗಳಲ್ಲಿ ಮನೆಯ ಅಂಗಳದಲ್ಲಿ 4.5 ಮಿಲಿಮೀಟರ್ ಏರ್‌ಗನ್ನಿನಿಂದ 10 ಮೀಟರ್‌ಗೆ ಅಭ್ಯಾಸ ಮಾಡು. ಉಸಿರು, ನಿಲುವು, ಬೆರಳು ಎಲ್ಲವೂ ಅದರಲ್ಲೇ ಪಳಗುತ್ತವೆ, ಖರ್ಚು ಪುಡಿಗಾಸು. ಊರಿನ ಸ್ಪರ್ಧೆಗಳಲ್ಲಿ ಏರ್‌ಗನ್ನಿನಿಂದ ಮೊಟ್ಟೆಗೆ ಹೊಡೆಯುವ ವಿಭಾಗವೂ ಇರುತ್ತದೆ, ಅದರಲ್ಲೂ ಹೆಸರು ಕೊಡು.

ಕಾಗದಪತ್ರದ ವಿಷಯ. ಹೊರಗಿನವರಿಗೆ ಇಪ್ಪತ್ತೊಂದು ತುಂಬಿ, ಶಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಸಿಕ್ಕ ಮೇಲೆಯೇ ಕೋವಿ. ನಮ್ಮ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಮಾತ್ರ ಬ್ರಿಟಿಷರ ಕಾಲದಿಂದ, 1861ರಿಂದ, ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಿ ಬಂದ ಹಕ್ಕು ಅದು. ಒಬ್ಬರು ಅಡ್ಡಾದಿಡ್ಡಿ ನಡೆದುಕೊಂಡರೂ ನಾಳೆ ಎಲ್ಲರ ಹಕ್ಕಿಗೆ ಕುತ್ತು, ಇದನ್ನು ನಿನಗೆ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ವಿನಾಯಿತಿ ಪತ್ರ ಮೊದಲು ಕೈಗೆ ಬರಲಿ, ಆಮೇಲೆ ಮುಂಗಡ. ನಳಿಗೆಯ ಮೇಲಿನ ನಂಬರೂ ಮಾರುವವರ ಪತ್ರದ ನಂಬರೂ ಒಂದೊಂದೇ ಅಂಕಿ ಹೊಂದಿಸಿ ನೋಡು. ಇಟ್ಟುಕೊಳ್ಳಬಹುದಾದ ತೋಟಾಕ್ಕೂ ಮಿತಿ ಇದೆ. ಮೈಸೂರಿಗೋ ಬೆಂಗಳೂರಿಗೋ ಸ್ಪರ್ಧೆಗೆ ಒಯ್ಯುವ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡು ಹೊರಡು. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆಗಿಡುವಾಗಲೂ ಬೋಲ್ಟ್ ತೆರೆದು ಖಾಲಿ ಇದೆಯೆಂದು ಕಣ್ಣಾರೆ ನೋಡಿಯೇ ಇಡು.

ನಿನ್ನ ಬಲ್ಯಪ್ಪನಾಗಿ ನಾನು ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೆಲಸ ಮಾತ್ರ ಅಂಗಡಿಗೆ ಹೋಗುವ ಮೊದಲೇ ಆಗಬೇಕು. ಎಲ್ಲಿ ಹೊಡೆಯುತ್ತೀಯ? ಆಟಿಕೆಯಂತೆ ಕಾಣುವ ಈ ಸಣ್ಣ ಗುಂಡು ಎತ್ತಿ ಹೊಡೆದರೆ ಒಂದೂವರೆ ಕಿಲೋಮೀಟರ್‌ಗಿಂತ ಆಚೆಗೂ ಹೋಗುತ್ತದೆ. ನೀರಿಗೆ, ಕಲ್ಲಿಗೆ ತಾಗಿದರೆ ಸಿಡಿದು ಬೇರೆ ದಿಕ್ಕಿಗೆ ಹಾರುತ್ತದೆ. ನೀನು ಹೇಳಿದ ಗದ್ದೆ ಬಯಲು ಬೇಡ. ಅದರಾಚೆ ಕಾಫಿ ತೋಟ, ತೋಟದೊಳಗೆ ಕೆಲಸದವರ ಲೈನ್‌ಮನೆಗಳು. ಗಿಡದ ಮರೆಯಲ್ಲಿ ಕೆಲಸ ಮಾಡುವವರು ನಿನಗೆ ಕಾಣುವುದಿಲ್ಲ. ಕಾಯಿಯನ್ನು ಮರದ ಕೊಂಬೆಗೆ ಕಟ್ಟಿ ಮೇಲ್ಮುಖವಾಗಿ ಹೊಡೆಯುವುದಂತೂ ಅಭ್ಯಾಸಕ್ಕೆ ಖಂಡಿತ ಬೇಡ. ಮನೆಯ ಹಿಂದೆ ಧರೆ ಕಡಿದ ಜಾಗ ಇದೆಯಲ್ಲ, ಅಲ್ಲಿ ಮೆತ್ತನೆ ಕೆಂಪು ಮಣ್ಣು ಆಳೆತ್ತರಕ್ಕಿಂತ ಮೇಲಿದೆ. ಮೇಲಿನ ಕಾಲುದಾರಿಯಲ್ಲಿ ಯಾರೂ ಓಡಾಡದಂತೆ ಮಾಡಬಹುದೇ ಎಂದು ನಿನ್ನಪ್ಪನನ್ನು ಕೇಳು. ಮುಖದ ಕಲ್ಲುಗಳನ್ನು ಹೆಕ್ಕಿಸಿ, ಅಲ್ಲಿಂದ ಐವತ್ತು ಮೀಟರ್ ಅಳೆದು ಗೂಟ ಹೊಡೆಸು. ಈ ಭಾನುವಾರ ನಾನೇ ಬಂದು ನೋಡುತ್ತೇನೆ, ಜಾಗ ಸರಿ ಕಂಡರೆ ಸೋಮವಾರ ಮಡಿಕೇರಿಗೆ ಹೋಗಿ ವಿನಾಯಿತಿ ಪತ್ರಕ್ಕೆ ಅರ್ಜಿ ಕೊಡೋಣ.